ಡ್ರಮ್ ಕಿಟ್ ಮೇಲೆ ಘೋಸ್ಟ್ ನೋಟ್ ಜೋರಾಗಿ ಬರುತ್ತಿದೆ, ಪ್ಯಾಡ್ ಮೇಲೆ ಸರಿಯಾಗಿದೆ

ಪ್ರಶ್ನೆ
ನಮಸ್ಕಾರ. ಫಂಕ್ ಬೀಟ್ ಕಲಿಯುತ್ತಿದ್ದೇನೆ. ಹೈಹ್ಯಾಟ್‌ನಲ್ಲಿ (ಜೋಡಿ ಸಿಂಬಲ್) ಬೀಟಿಗೆ ಎರಡು ಏಟು, ಸ್ನೇರ್ ಡ್ರಮ್ ಮೇಲೆ 2 ಮತ್ತು 4ನೇ ಬೀಟಿಗೆ ಜೋರು ಏಟು (ಬ್ಯಾಕ್‌ಬೀಟ್). ನಡುವೆ ಸ್ನೇರ್ ಮೇಲೆ ಎರಡು ಘೋಸ್ಟ್ ನೋಟ್, ಅಂದರೆ ತೀರಾ ಮೆತ್ತನೆ ಏಟು. ಬೀಟಿಗೊಂದು ತಕದಿಮಿ ಹಾಕಿ ಎಣಿಸಿದರೆ 2ನೇ ಬೀಟಿನ 'ಮಿ', 3ನೇ ಬೀಟಿನ 'ಕ'. ಅಭ್ಯಾಸದ ಪ್ಯಾಡ್ ಮೇಲೆ ಎಡಗೈ ಮಾತ್ರ ನುಡಿಸಿದರೆ ಚೆನ್ನಾಗಿದೆ. ಕಿಟ್ ಮುಂದೆ ಕೂತರೆ ಆ 'ಮಿ' ಬ್ಯಾಕ್‌ಬೀಟ್‌ನಷ್ಟೇ ಜೋರು! ಟೆಂಪೊ ನಿಮಿಷಕ್ಕೆ 90 ಬೀಟ್. ಹಗುರ ಸ್ಟಿಕ್ ತಗೊಳ್ಳಬೇಕಾ?

ಉತ್ತರ
ಸ್ಟಿಕ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ತೊಂದರೆ ಇರುವುದು 'ಮಿ'ಗಿಂತ ಮುಂಚಿನ ಏಟಿನಲ್ಲಿ. 2ಕ್ಕೆ ಬಲವಾಗಿ ಹೊಡೆದ ಮೇಲೆ ಸ್ಟಿಕ್ ಪುಟಿದು ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಅಷ್ಟು ಎತ್ತರದಿಂದ ಇಳಿಯುವ ಏಟು ಮೆತ್ತಗೆ ಹೇಗೆ ಬೀಳುತ್ತೆ?

ಬ್ಯಾಕ್‌ಬೀಟನ್ನು ಡೌನ್‌ಸ್ಟ್ರೋಕ್ ಆಗಿ ಹೊಡೆಯಿರಿ. ಹೊಡೆದ ಕ್ಷಣ ಹಿಂದಿನ ಮೂರು ಬೆರಳು ಸ್ವಲ್ಪ ಮುಚ್ಚಿ, ಸ್ಟಿಕ್‌ನ ತುದಿ ಹೆಡ್‌ನಿಂದ (ಡ್ರಮ್‌ನ ಹೊದಿಕೆ) 2-3 ಸೆಂಟಿಮೀಟರ್ ಮೇಲೆ ನಿಲ್ಲಲಿ. ತಕ್ಷಣ ಬೆರಳು ಸಡಿಲ ಬಿಡಿ. ಹಿಡಿದೇ ಇದ್ದರೆ ಮುಂದಿನ ಏಟು ಕಟ್ಟಿಗೆ ಬಡಿದ ಹಾಗೆ ಕೇಳುತ್ತದೆ. ಆಮೇಲೆ 'ಮಿ'ಗೆ ಸ್ಟಿಕ್ಕನ್ನು ಆ ಎತ್ತರದಿಂದಲೇ ಬೀಳಲು ಬಿಟ್ಟರೆ ಸಾಕು, ಹೊಡೆಯಬೇಕಾಗಿಲ್ಲ. 3ರ 'ಕ' ಆದ ಮೇಲೆ ಕೈ ಎತ್ತಿ 4ಕ್ಕೆ ತಯಾರಾಗಿ. 90ರಲ್ಲಿ ಆ ನಡುವೆ ಅರ್ಧ ಸೆಕೆಂಡ್ ಇದೆ, ಬೇಕಾದಷ್ಟು. ಮೊದಲು 60ರಲ್ಲಿ ಮಾಡಿ, ಸ್ಟಿಕ್ ಎಲ್ಲಿ ನಿಲ್ಲುತ್ತಿದೆ ಅಂತ ಕಣ್ಣಲ್ಲಿ ನೋಡಿ.

ಪ್ಯಾಡ್ ಮೇಲೆ ಯಾಕೆ ಸರಿ ಬರುತ್ತೆ ಅಂದರೆ, ಅಲ್ಲಿ ಬಲಗೈ ಇಲ್ಲ. ಕಿಟ್‌ನಲ್ಲಿ ಬಲಗೈ ಹೈಹ್ಯಾಟ್ ಮೇಲೆ ಎಷ್ಟು ಏಳುತ್ತೋ ಎಡಗೈಯೂ ಅಷ್ಟೇ ಏಳುತ್ತದೆ. ಹೈಹ್ಯಾಟ್ ಮೆತ್ತಗೆ ನುಡಿಸಿ. ಅದು ಜೋರಾಗಿದ್ದರೆ ನೀವು ಮೆತ್ತಗೆ ನುಡಿಸಿದ್ದೂ ಮುಚ್ಚಿಹೋಗುತ್ತದೆ.

ಟವರ್ ಆಫ್ ಪವರ್ ಎಂಬ ಫಂಕ್ ತಂಡದಿಂದ ಹೆಸರಾದ ಡ್ರಮ್ಮರ್ ಡೇವಿಡ್ ಗ್ಯಾರಿಬಾಲ್ಡಿ ಹೇಳಿಕೊಡುವುದೂ ಇದನ್ನೇ: ಜೋರು, ಮೆತ್ತಗೆ, ಎರಡೇ ಮಟ್ಟ. ನನ್ನ ಪ್ರಕಾರ ಹೊಸಬರಿಗೆ ಬೇರೆ ಯಾವ ಪಾಠಕ್ಕಿಂತಲೂ ಇದು ಮೊದಲು ಬೇಕು.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಸರ್. ಹೌದು, ಸ್ಟಿಕ್ ಮೇಲೆಯೇ ನಿಲ್ತಿತ್ತು. 60ರಲ್ಲಿ ಈಗ ಕೂರುತ್ತಿದೆ. ಆದರೆ ಮನೆಯಲ್ಲಿರುವ ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಅಷ್ಟು ಮೆತ್ತಗೆ ಹೊಡೆದರೆ ಸದ್ದೇ ಬರಲ್ಲ.

ಇನ್ನೊಬ್ಬರು
ಅದು ಮಾಡ್ಯೂಲ್ (ಕಿಟ್‌ನ ಸದ್ದು ಹುಟ್ಟಿಸುವ ಪೆಟ್ಟಿಗೆ) ಸೆಟ್ಟಿಂಗ್. ಸ್ನೇರ್ ಪ್ಯಾಡ್‌ನ ಥ್ರೆಶೋಲ್ಡ್ (ಸದ್ದು ಬರಲು ಬೇಕಾದ ಕನಿಷ್ಠ ಏಟು) ಒಂದೊಂದೇ ಹೆಜ್ಜೆ ಇಳಿಸುತ್ತಾ ಘೋಸ್ಟ್ ನೋಟ್ ಹೊಡೆದು ನೋಡಿ. ಎಲ್ಲಾ ಏಟೂ ಸಿಗುವಲ್ಲಿ ನಿಲ್ಲಿಸಿ. ತೀರಾ ಇಳಿಸಿದರೆ ಕಿಕ್ ಒತ್ತಿದಾಗ ರ‍್ಯಾಕ್ ಅದುರಿ ಸ್ನೇರ್ ತಾನಾಗಿ ಮೊಳಗುತ್ತೆ. ವೆಲಾಸಿಟಿ ಕರ್ವ್ (ಏಟಿನ ಬಲಕ್ಕೆ ಎಷ್ಟು ಸದ್ದು ಎಂಬ ಸೆಟ್ಟಿಂಗ್) ಲೀನಿಯರ್‌ನಲ್ಲಿಡಿ. ಮೆತ್ತನೆ ಏಟನ್ನು ಎತ್ತಿ ಕೇಳಿಸುವ ಕರ್ವ್ ಹಾಕಿಕೊಂಡರೆ ಕೈ ಸುಧಾರಿಸಿದ್ದು ಗೊತ್ತೇ ಆಗಲ್ಲ.

ಮೊದಲ ಉತ್ತರ ಕೊಟ್ಟವರು
ಇದಕ್ಕೆ ಒಂದು ಸೇರಿಸಿ. ಅಕೂಸ್ಟಿಕ್ ಸ್ನೇರ್ ಹೆಡ್ ಮೇಲೆ ಸದ್ದು ತಗ್ಗಿಸಲು ಟೇಪೋ ಜೆಲ್ಲೋ ಜಾಸ್ತಿ ಅಂಟಿಸಿದ್ದರೆ ತೆಗೆಯಿರಿ. ಕೆಳಗಿನ ವೈರ್ ತುಂಬಾ ಬಿಗಿ ಮಾಡಬೇಡಿ. ಎರಡೂ ಮೆತ್ತನೆ ಏಟನ್ನು ನುಂಗುತ್ತವೆ. 60ರಿಂದ 90ಕ್ಕೆ ಒಮ್ಮೆಲೇ ಹಾರಬೇಡಿ. 'ಮಿ' ಮತ್ತೆ ಜೋರಾದ ಕೂಡಲೇ ಟೆಂಪೊ 5 ಇಳಿಸಿ.