ಫೈಲ್ ಸರ್ವರ್‌ನ ವಿಎಂ ಮಾಡ್ತಿದೀನಿ, ಡಿಸ್ಕ್ ಹೇಗೆ ಕೊಡೋದು?

ಹೊಸಬ_ಅಡ್ಮಿನ್
ಎಲ್ರಿಗೂ ನಮಸ್ಕಾರ. ಆಫೀಸಲ್ಲಿ ಹಳೇ ವಿಂಡೋಸ್ ಫೈಲ್ ಸರ್ವರ್ ಇದೆ, ನೇರ ಹಾರ್ಡ್‌ವೇರ್ ಮೇಲೇ ಓಡ್ತಿರೋದು, ಅದನ್ನ ಈಗ ಇಎಸ್‌ಎಕ್ಸ್‌ಐ (ಒಂದೇ ಮೆಷಿನಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ ಓಡಿಸೋ ವಿಎಂವೇರ್ ಸಾಫ್ಟ್‌ವೇರ್) ಮೇಲೆ ವಿಎಂ (ವರ್ಚುವಲ್ ಮೆಷಿನ್) ಮಾಡ್ಬೇಕು ಅಂತ ತೀರ್ಮಾನ ಆಗಿದೆ, ಮಾಡೋನು ನಾನೊಬ್ನೇ. ಹೊಸ ಬಾಕ್ಸಲ್ಲಿ 4 ಟಿಬಿದು 8 ಹಾರ್ಡ್ ಡಿಸ್ಕ್, ಒಂದು ರೇಡ್ ಕಾರ್ಡ್ (ಹಲವು ಡಿಸ್ಕ್ ಸೇರಿಸಿ ಒಂದೇ ಡಿಸ್ಕ್ ಥರ ಕೊಡೋದು). ಡೇಟಾ ಸದ್ಯಕ್ಕೆ 7 ಟಿಬಿ ಇದೆ, 60 ಜನ ಬಳಸ್ತಾರೆ, ಜಾಸ್ತಿ ಎಕ್ಸೆಲ್ ಪಿಡಿಎಫ್ ಅಷ್ಟೇ.

ರೇಡ್ 5 (ಒಂದು ಡಿಸ್ಕ್ ಹೋದ್ರೂ ಡೇಟಾ ಉಳಿಯತ್ತೆ) ಹಾಕಿದ್ರೆ 28 ಟಿಬಿ ಸಿಗತ್ತೆ, ರೇಡ್ 10 (ಜೋಡಿಯ ಎರಡೂ ಡಿಸ್ಕಲ್ಲಿ ಅದೇ ಡೇಟಾ) ಅಂದ್ರೆ ಬರೀ 16, ಅರ್ಧ ಡಿಸ್ಕ್ ಸುಮ್ನೆ ಹೋಗತ್ತಲ್ಲ ಅಂತ ಹೊಟ್ಟೆ ಉರೀತಿದೆ. ರೇಡ್ 5 ಮಾಡಿ 20 ಟಿಬಿದು ಒಂದೇ ವಿಎಂಡಿಕೆ (ವಿಎಂಗೆ ಡಿಸ್ಕ್ ಥರ ಕಾಣೋ ಫೈಲ್) ಕೊಟ್ಬಿಡೋಣ ಅಂತಿದ್ದೆ, ಆದ್ರೆ ಸೀನಿಯರ್ ಒಬ್ರು ವಿಎಂಡಿಕೆ ಬೇಡ, ಆರ್‌ಡಿಎಂ ಮಾಡಿ ನೇರ ಡಿಸ್ಕೇ ವಿಎಂಗೆ ಕೊಡು, ಸ್ಪೀಡ್ ಬರತ್ತೆ ಅಂತಾರೆ. ಟೆಸ್ಟಿಗೆ ರೇಡ್ 5 ಮಾಡಿ ನೋಡ್ದೆ, ಕಾಪಿ ಮಾಡಿದ್ರೆ ಶುರುನಲ್ಲಿ ಚೆನ್ನಾಗೇ ಹೋಗತ್ತೆ, ಆಮೇಲೆ ಸೆಕೆಂಡಿಗೆ 20 ಎಂಬಿಗೆ ಬಂದು ಅಲ್ಲೇ ಕೂತ್ಕೊಳತ್ತೆ. ಆರ್‌ಡಿಎಂ ಮಾಡಿದ್ರೆ ಇದು ಸರಿ ಹೋಗತ್ತಾ?

ನಿದ್ದೆಗೆಟ್ಟವ
ರೇಡ್ 5 ಬಿಟ್ಬಿಡಿ ಗುರು, ಕೈ ಮುಗೀತೀನಿ. 4 ಟಿಬಿ ಡಿಸ್ಕ್ ಒಂದು ಹೋಯ್ತು ಅಂದ್ರೆ ಹೊಸದನ್ನ ತುಂಬಿಸೋಕೆ, ಸೆಕೆಂಡಿಗೆ 150 ಎಂಬಿ ಲೆಕ್ಕ ಹಿಡಿದ್ರೂ 7 ಗಂಟೆ ಮೇಲೆ ಬೇಕು, ಅದೂ ಯಾರೂ ಸರ್ವರ್ ಮುಟ್ಟದೇ ಇದ್ರೆ. ಜನ ಕೆಲ್ಸ ಮಾಡ್ತಿದ್ರೆ ಒಂದು ದಿನ, ಎರಡು ದಿನ. ಅಷ್ಟೂ ಹೊತ್ತು ಉಳಿದ 7 ಡಿಸ್ಕೂ ಮೊದಲಿಂದ ಕೊನೇವರೆಗೂ ಓದ್ತಾನೇ ಇರ್ಬೇಕು, ಎಲ್ಲಾ ಒಂದೇ ದಿನ ಬಾಕ್ಸಿಂದ ತೆಗೆದ ಡಿಸ್ಕ್‌ಗಳು, ವಯಸ್ಸೂ ಒಂದೇ. ನಾನು ಒಂದ್ಸಲ ರಾತ್ರಿ ಪೂರ್ತಿ ಪರ್ಸೆಂಟ್ ನೋಡ್ತಾ ಕೂತಿದ್ದೆ, 83ಕ್ಕೆ ಬಂದಾಗ ಇನ್ನೊಂದು ಸ್ಲಾಟಲ್ಲಿ ಕಿತ್ತಳೆ ಲೈಟ್ ಹತ್ತಿತು. ಮುಗೀತು ಕಥೆ. ಬ್ಯಾಕಪ್ ಇತ್ತು, ಅದಕ್ಕೇ ಇವತ್ತೂ ಅದೇ ಕೆಲ್ಸದಲ್ಲಿದೀನಿ.

ರೇಡ್ 10 ಹಾಕಿ. ಫಾರ್ಮ್ಯಾಟ್ ಆದ್ಮೇಲೆ ವಿಂಡೋಸ್ 14.5 ಅಂತ ತೋರಿಸತ್ತೆ, 7 ಟಿಬಿ ಡೇಟಾಗೆ ಸಾಕಲ್ಲ.

ಕೇಬಲ್_ಕಟ್ಟು
ರೇಡ್ 10 ಒಂದೇ ದಾರಿ ಅಂತೇನಿಲ್ಲ. ರೇಡ್ 6 ಮಾಡಿದ್ರೆ 24 ಟಿಬಿ ಬರತ್ತೆ, ಯಾವ್ ಎರಡು ಡಿಸ್ಕ್ ಹೋದ್ರೂ ಬದುಕತ್ತೆ. ರೇಡ್ 10ರಲ್ಲಿ ಒಂದೇ ಜೋಡಿಯ ಎರಡೂ ಹೋದ್ರೆ ಎಲ್ಲಾ ಹೋಯ್ತು, ಅದನ್ನ ಯಾರೂ ಹೇಳಲ್ಲ. ಬರೆಯೋದು ನಿಧಾನ ಅನ್ನೋದು ನಿಜ, ಒಂದು ಸಣ್ಣ ರೈಟಿಗೆ 6 ಸಲ ಡಿಸ್ಕ್ ಮುಟ್ಬೇಕು, ಆದ್ರೆ ಎಕ್ಸೆಲ್ ಪಿಡಿಎಫ್ ಶೇರಿಗೆ ಅದು ಗೊತ್ತೂ ಆಗಲ್ಲ.

ಆರ್‌ಡಿಎಂ ವಿಷ್ಯ: ನಿಮ್ಮ ಸೀನಿಯರ್ ಹೇಳಿದ್ದು ಒಂದು ಕಾಲಕ್ಕೆ ಸರಿ. 2013ರಲ್ಲಿ ಇಎಸ್‌ಎಕ್ಸ್‌ಐ 5.5 ಬರೋ ತನಕ ಒಂದು ವಿಎಂಡಿಕೆ 2 ಟಿಬಿ ದಾಟ್ತಿರ್ಲಿಲ್ಲ, ದೊಡ್ಡ ವಾಲ್ಯೂಮ್ ಬೇಕಿದ್ರೆ ಆರ್‌ಡಿಎಂ ಮಾಡ್ಲೇಬೇಕಿತ್ತು. ಈಗ ಮಿತಿ 62 ಟಿಬಿ. ಸ್ಪೀಡಲ್ಲಿ ವ್ಯತ್ಯಾಸ ಇಲ್ಲ ಅಂತ್ಲೇ ಇಟ್ಕೊಳ್ಳಿ. ಮೇಲಾಗಿ ಫಿಸಿಕಲ್ ಮೋಡ್ ಆರ್‌ಡಿಎಂಗೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿ ಹಿಡಿದಿಡೋದು) ಬರಲ್ಲ, ಅಂದ್ರೆ ವಿಎಂ ಲೆವೆಲ್ ಬ್ಯಾಕಪ್ ಸಾಫ್ಟ್‌ವೇರ್ ಆ ಡಿಸ್ಕನ್ನ ಬಿಟ್ಟು ಮುಂದೆ ಹೋಗತ್ತೆ. ಡೇಟಾ ಇರೋ ಡಿಸ್ಕೇ ಬ್ಯಾಕಪ್ ಆಗ್ಲಿಲ್ಲ ಅಂದ್ರೆ ಏನ್ ಬಂತು.

ಆಮೇಲೆ ಆ 20 ಎಂಬಿ ಇದ್ಯಲ್ಲ, ಅದಕ್ಕೂ ವಿಎಂಡಿಕೆಗೂ ಸಂಬಂಧ ಇಲ್ಲ ಅನ್ಸತ್ತೆ. ರೇಡ್ ಕಾರ್ಡ್ ಪೇಜಲ್ಲಿ ಬ್ಯಾಟರಿ ಸ್ಟೇಟಸ್ ನೋಡಿ, ರೈಟ್ ಪಾಲಿಸಿ ಏನಿದೆ ಹೇಳಿ.

ಹೊಸಬ_ಅಡ್ಮಿನ್
ಅಯ್ಯೋ, ಹೌದು. ಬ್ಯಾಟರಿ ಫೇಲ್ಡ್ ಅಂತ ಕೆಂಪಗೆ ಇದೆ, ಪಾಲಿಸಿ ರೈಟ್ ಥ್ರೂ (ಡಿಸ್ಕಿಗೆ ಬರೆದ ಮೇಲೇ ಮುಗೀತು ಅನ್ನೋದು). ನಾನು ಹಾಕಿದ್ದು ರೈಟ್ ಬ್ಯಾಕ್ (ಕಾರ್ಡಿನ ಕ್ಯಾಶ್ ಮೆಮೊರಿಗೆ ಬಂದ್ರೆ ಸಾಕು, ಡಿಸ್ಕಿಗೆ ಆಮೇಲೆ), ತಾನಾಗೇ ಬದಲಾಗಿದೆ. ಕೆಳಗೆ ಫೋರ್ಸ್ ರೈಟ್ ಬ್ಯಾಕ್ ಅಂತ ಒಂದು ಆಪ್ಷನ್ ಇದೆ, ಒತ್ಲಾ?

ಕೇಬಲ್_ಕಟ್ಟು
ಒತ್ಬೇಡಿ!! ಬ್ಯಾಟರಿ ಇಲ್ಲದೇ ಕ್ಯಾಶ್ ನಂಬಿದ್ರೆ, ಕರೆಂಟ್ ಹೋದ ಕ್ಷಣ ಕ್ಯಾಶಲ್ಲಿದ್ದದ್ದು ಮಾಯ, ಆದ್ರೆ ವಿಂಡೋಸಿಗೆ "ಬರೆದಾಯ್ತು" ಅಂತ ಕಾರ್ಡ್ ಆಗ್ಲೇ ಹೇಳಿರತ್ತೆ. ಫೈಲ್ ಅಲ್ಲ, ಫೈಲ್ ಸಿಸ್ಟಮ್ಮೇ ಹಾಳಾಗ್ಬಹುದು. ಬ್ಯಾಟರಿ ತರಿಸಿ, ಹಾಕಿ, ಪೂರ್ತಿ ಚಾರ್ಜ್ ಆದ್ಮೇಲೆ ಟೆಸ್ಟ್ ಮಾಡಿ. ಹಾಗೇ ಅರೇ (ರೇಡ್ ಡಿಸ್ಕ್‌ಗಳ ಗುಂಪು) ಹೊಸದಾಗಿ ಮಾಡಿದ ತಕ್ಷಣ ಹಿಂದೆ ಇನಿಷಿಯಲೈಸ್ (ಡಿಸ್ಕ್ ಸಿದ್ಧ ಮಾಡೋ ಕೆಲ್ಸ) ಓಡ್ತಿರತ್ತೆ, ಅದು ಮುಗಿಯೋ ತನಕ ಬರೋ ಯಾವ ನಂಬರನ್ನೂ ಲೆಕ್ಕಕ್ಕೆ ತಗೋಬೇಡಿ.

ನಿದ್ದೆಗೆಟ್ಟವ
ಒಂದೇ 20 ಟಿಬಿ ವಿಎಂಡಿಕೆ ಬಗ್ಗೆ ಯಾರೂ ಮಾತಾಡ್ಲಿಲ್ಲ. ಮಾಡ್ಬೇಡಿ. ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಸಿಸ್ಟಮ್) ಡೀಫಾಲ್ಟ್ 4 ಕೆಬಿ ಕ್ಲಸ್ಟರಲ್ಲಿ (ಜಾಗ ಹಂಚೋ ಅತಿ ಸಣ್ಣ ತುಂಡು) 16 ಟಿಬಿ ದಾಟಲ್ಲ, ಚಿಕ್ಕದಾಗಿ ಶುರು ಮಾಡಿ ಆಮೇಲೆ ಬೆಳೆಸ್ತೀನಿ ಅಂದ್ರೆ 16ಕ್ಕೆ ಗೋಡೆ, ಮತ್ತೆ ಫಾರ್ಮ್ಯಾಟ್ ಮಾಡ್ದೇ ಗತಿ ಇಲ್ಲ. ಅದು ಹಾಗಿರ್ಲಿ, ರಿಸ್ಟೋರ್ ಯೋಚ್ನೆ ಮಾಡಿ. ಗಿಗಾಬಿಟ್ ನೆಟ್‌ವರ್ಕಲ್ಲಿ 7 ಟಿಬಿ ವಾಪಸ್ ತರೋಕೆ ಏನೂ ಎಡವಟ್ಟಾಗದೇ ಇದ್ರೂ 18 ಗಂಟೆ ಹತ್ರ ಹತ್ರ, 60 ಜನ ನಿಮ್ಮ ಟೇಬಲ್ ಸುತ್ತ ನಿಂತಿರ್ತಾರೆ. ಡಿಪಾರ್ಟ್‌ಮೆಂಟಿಗೆ ಒಂದರಂತೆ 2, 3 ಟಿಬಿದು ಬೇರೆ ಬೇರೆ ವಿಎಂಡಿಕೆ ಮಾಡಿದ್ರೆ ಅಕೌಂಟ್ಸ್‌ದು ಮೊದ್ಲು ತಂದು ಅವರ ಬಾಯಿ ಮುಚ್ಚಿಸ್ಬಹುದು. ಮೇಲೆ ಡಿಎಫ್‌ಎಸ್ ನೇಮ್‌ಸ್ಪೇಸ್ ಹಾಕಿ, ಬಳಸೋರಿಗೆ ಎಲ್ಲಾ ಒಂದೇ ದಾರೀಲಿ ಕಾಣತ್ತೆ, ನಾಳೆ ಒಂದು ಡಿಸ್ಕ್ ಬೇರೆ ಸರ್ವರಿಗೆ ಹೋದ್ರೂ ಅವರಿಗೆ ಗೊತ್ತಾಗಲ್ಲ. ಓಎಸ್‌ಗೆ 100 ಜಿಬಿದು ಬೇರೇನೇ ಇರ್ಲಿ.

ಮತ್ತೆ ಡೇಟಾಸ್ಟೋರ್ (ವಿಎಂ ಫೈಲ್‌ಗಳು ಕೂರೋ ಜಾಗ) ತುಂಬಿಸ್ಬೇಡಿ, ಐದ್ರಲ್ಲಿ ಒಂದು ಪಾಲು ಖಾಲಿ ಬಿಡಿ. ಪ್ಯಾಚ್ ಹಾಕೋ ಮುಂಚೆ ತೆಗೆದ ಸ್ನ್ಯಾಪ್‌ಶಾಟ್ ನಾನು ಮೂರು ವಾರ ಮರೆತಿದ್ದೆ, ಅದು ಒಳಗೊಳಗೇ ಬೆಳೆದು ಜಾಗ ಎಲ್ಲಾ ತಿಂದು ಸೋಮವಾರ ಬೆಳಿಗ್ಗೆ ವಿಎಂ ಹಾಗೇ ನಿಂತೋಯ್ತು. ಅದೇ ಸ್ಟೋರಲ್ಲಿದ್ದ ಇನ್ನೊಂದು ವಿಎಂ ಆಫ್ ಮಾಡಿ, ಅದರ ಸ್ವಾಪ್ ಫೈಲ್ ಜಾಗ ಸಿಕ್ಕಿ, ಆಮೇಲೆ ಸ್ನ್ಯಾಪ್‌ಶಾಟ್ ಡಿಲೀಟ್ ಕೊಟ್ಟೆ, ಮುಗಿಯೋಕೆ ಸಂಜೆ ಆಯ್ತು.

ಹೊಸಬ_ಅಡ್ಮಿನ್
ಬ್ಯಾಟರಿ ಬಂತು, ಹಾಕ್ದೆ. ರೇಡ್ 6 ಮಾಡ್ದೆ (ನಿದ್ದೆಗೆಟ್ಟವ್ರು ಬೇಜಾರ್ ಮಾಡ್ಕೋಬೇಡಿ), ನಾಲ್ಕು ವಿಎಂಡಿಕೆ. ಅದೇ ಫೋಲ್ಡರ್ ಕಾಪಿ ಮಾಡಿದ್ರೆ ಈಗ 110 ಎಂಬಿ ಹತ್ರ ಬರ್ತಿದೆ, ಇನ್ನು ನೆಟ್‌ವರ್ಕೇ ಅಡ್ಡ. ಹಳೇ ಸರ್ವರಿಂದ ಡೇಟಾ ರೋಬೋಕಾಪಿಲಿ (ವಿಂಡೋಸಿನ ಕಾಪಿ ಕಮಾಂಡ್) ತರ್ಲಾ? ಪರ್ಮಿಷನ್ ಬರತ್ತಾ?

ಕೇಬಲ್_ಕಟ್ಟು
ಬರತ್ತೆ, ಕಾಪಿ ಆಲ್ ಆಪ್ಷನ್ ಕೊಡ್ಬೇಕು, ಕಮಾಂಡ್ ಅಡ್ಮಿನ್ ಆಗಿ ಓಡಿಸ್ಬೇಕು. ಹಗಲು ಒಂದು ಸುತ್ತು ತಂದಿಡಿ, ಕೊನೇ ಸುತ್ತು ಶುಕ್ರವಾರ ರಾತ್ರಿ ಹಳೇ ಶೇರನ್ನ ಓದೋಕೆ ಮಾತ್ರ ಮಾಡಿಟ್ಟು ಓಡಿಸಿ, ಬದಲಾಗಿದ್ದು ಮಾತ್ರ ಬರತ್ತೆ. ಮಿರರ್ ಆಪ್ಷನ್ (ಬಲಗಡೆದನ್ನ ಎಡಗಡೆ ಥರಾನೇ ಮಾಡೋದು) ಹಾಕೋದಾದ್ರೆ ಎಂಟರ್ ಒತ್ತೋ ಮುಂಚೆ ಯಾವ್ದು ಎಡಗಡೆ (ಎಲ್ಲಿಂದ) ಯಾವ್ದು ಬಲಗಡೆ (ಎಲ್ಲಿಗೆ) ಅಂತ ಇನ್ನೊಬ್ರಿಗೆ ತೋರ್ಸಿ, ಅದಲುಬದಲಾದ್ರೆ ಹೊಸ ಖಾಲಿ ಫೋಲ್ಡರ್ ನೋಡ್ಕೊಂಡು ಹಳೇದನ್ನೂ ಖಾಲಿ ಮಾಡತ್ತೆ.

ನಿದ್ದೆಗೆಟ್ಟವ
ರೇಡ್ 6 ಓಕೆ, ಕ್ಷಮಿಸಿದೀನಿ. ಹಳೇ ಸರ್ವರ್ ಒಂದು ತಿಂಗಳು ಬಿಸಾಕ್ಬೇಡಿ.