ಬಾಟಲಿ ತಂಪಾಗಿಡುವ ಹೂವಿನ ಮಂಜುಗಡ್ಡೆ ಪಾತ್ರೆ: ಬಿರುಕು ಬಿಡದಂತೆ ಮಾಡುವುದು ಹೇಗೆ?

ಪ್ರಶ್ನೆ

ಔತಣಕೂಟದಲ್ಲಿ ಹಣ್ಣಿನ ರಸದ ಬಾಟಲಿಯನ್ನು ನಿಲ್ಲಿಸಲು ಮಂಜುಗಡ್ಡೆಯಿಂದಲೇ ಪಾತ್ರೆಯೊಂದನ್ನು ಮಾಡಬೇಕೆಂದು ಎರಡು ಬಾರಿ ಪ್ರಯತ್ನಿಸಿದೆ. ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಳಗೆ ಚಿಕ್ಕದೊಂದನ್ನು ಇಟ್ಟು, ನಡುವಿನ ಜಾಗಕ್ಕೆ ನೀರು ತುಂಬಿ, ಗುಲಾಬಿ ಎಸಳು ಮತ್ತು ನಿಂಬೆಯ ಬಿಲ್ಲೆಗಳನ್ನು ಹಾಕಿ ಫ್ರೀಜರಿನಲ್ಲಿ ಇಟ್ಟಿದ್ದೆ. ಮೊದಲ ಸಲ ಒಳಗಿನ ಡಬ್ಬಿ ತೇಲಿ ಒಂದು ಬದಿಗೆ ವಾಲಿತು. ಎರಡನೆಯ ಸಲ ಅದರೊಳಗೆ ಕಲ್ಲು ತುಂಬಿದ್ದರಿಂದ ನೆಟ್ಟಗೆ ನಿಂತಿತಾದರೂ, ಹೂಗಳೆಲ್ಲ ಮೇಲಂಚಿಗೆ ಬಂದು ಗುಂಪುಗೂಡಿದವು, ಮಂಜುಗಡ್ಡೆ ಬೆಳ್ಳಗೆ ಮಸುಕಾಯಿತು, ಹೊರತೆಗೆಯಲೆಂದು ಬಿಸಿನೀರು ಸುರಿದೊಡನೆ ಉದ್ದಕ್ಕೂ ಸೀಳಿತು. ಎಲ್ಲಿ ತಪ್ಪಿದೆ ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1

ಸೀಳಿದ್ದಕ್ಕೆ ಕಾರಣ ಬಿಸಿನೀರೇ. ಮನೆಯ ಫ್ರೀಜರಿನಲ್ಲಿ ಉಷ್ಣತೆ ಸಾಮಾನ್ಯವಾಗಿ ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಅಷ್ಟು ತಣ್ಣಗಿರುವ ಗಡ್ಡೆಯ ಹೊರಮೈ ಒಮ್ಮೆಲೇ ಬಿಸಿಯಾಗಿ ಹಿಗ್ಗಿದಾಗ ಒಳಭಾಗ ಅದರೊಂದಿಗೆ ಹಿಗ್ಗಲಾರದೆ ಬಿರುಕು ಮೂಡುತ್ತದೆ. ಡಬ್ಬಿಯನ್ನು ಹೊರಗೆ ಹತ್ತು ಹದಿನೈದು ನಿಮಿಷ ಸುಮ್ಮನೆ ಇಟ್ಟು, ಒಳಡಬ್ಬಿಯ ಕಲ್ಲುಗಳನ್ನು ತೆಗೆದು ಅದಕ್ಕೆ ತಣ್ಣೀರು ತುಂಬಿ, ಅದು ಸಡಿಲವಾದ ಬಳಿಕ ಹೊರಡಬ್ಬಿಯ ಮೇಲೂ ತಣ್ಣೀರನ್ನೇ ಹರಿಸಿ. ಎಳೆಯಬೇಡಿ, ತಾನಾಗಿ ಜಾರುವವರೆಗೆ ಕಾಯಿರಿ.

ನೀರು ಗಟ್ಟಿಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಅಂಚಿನವರೆಗೆ ತುಂಬಬಾರದು, ಗಾಜಿನ ಪಾತ್ರೆಯನ್ನಂತೂ ಬಳಸಲೇಬಾರದು. ಇನ್ನು ಹೂವಿನ ವಿಷಯ: ಎರಡು ಬೆರಳಿನಷ್ಟು ನೀರು, ಅದರಲ್ಲಿ ಕೆಲವು ಹೂ, ಅದು ಗಟ್ಟಿಯಾದ ಮೇಲೆ ಫ್ರಿಜ್ಜಿನಲ್ಲಿ ತಣಿಸಿದ ನೀರಿನ ಮುಂದಿನ ಪದರ, ಹೀಗೆ ಮೂರು ನಾಲ್ಕು ಸಲ ಮಾಡಿದರೆ ಹೂಗಳು ಎಲ್ಲ ಎತ್ತರದಲ್ಲೂ ನಿಲ್ಲುತ್ತವೆ.

ಉತ್ತರ 2

ಪದರಗಳ ವಿಧಾನವನ್ನು ನಾನೂ ಬಹುಕಾಲ ಅನುಸರಿಸಿದ್ದೇನೆ, ಆದರೆ ಪ್ರತಿ ಕೂಡಿಕೆಯಲ್ಲೂ ಮಸುಕಾದ ಗೆರೆಯೊಂದು ಉಳಿಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಈಗ ಎಲೆ ಸಹಿತವಾದ ಪುದೀನದ ಕಡ್ಡಿಗಳನ್ನು ಎರಡು ಡಬ್ಬಿಗಳ ಗೋಡೆಗಳ ನಡುವೆ ಒತ್ತಾಗಿ ಸಿಕ್ಕಿಸಿ, ಹೂಗಳನ್ನು ಅವುಗಳ ಕೆಳಗೆ ತಡೆದು ನಿಲ್ಲಿಸಿ, ನೀರನ್ನು ಒಂದೇ ಬಾರಿಗೆ ತುಂಬುತ್ತೇನೆ.

ಬಿಳುಪಿಗೆ ಕಾರಣ ನೀರಿನಲ್ಲಿ ಕರಗಿರುವ ಗಾಳಿ. ಗಟ್ಟಿಯಾಗುವ ಭಾಗ ಗಾಳಿಯನ್ನು ಉಳಿದ ನೀರಿನತ್ತ ತಳ್ಳುತ್ತಾ ಹೋಗುತ್ತದೆ. ಎಲ್ಲ ಬದಿಗಳಿಂದಲೂ ಏಕಕಾಲಕ್ಕೆ ಗಟ್ಟಿಯಾದರೆ ಆ ಗಾಳಿ ನಡುವೆ ಸಣ್ಣ ಗುಳ್ಳೆಗಳಾಗಿ ಸೆರೆಯಾಗುತ್ತದೆ. ನೀರನ್ನು ಕುದಿಸಿ ಆರಿಸಿದರೆ ಅಲ್ಪ ಸುಧಾರಣೆ ಕಾಣಬಹುದು. ಅದಕ್ಕಿಂತ ಹೆಚ್ಚು ಫಲ ಕೊಡುವುದು, ಹೊರಡಬ್ಬಿಯ ಬದಿ ಮತ್ತು ತಳಕ್ಕೆ ಥರ್ಮೋಕೋಲ್ ಸುತ್ತಿ ಮೇಲ್ಭಾಗವನ್ನು ಮಾತ್ರ ತೆರೆದಿಡುವುದು. ಆಗ ನೀರು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಗಟ್ಟಿಯಾಗಿ, ಬಿಳುಪೆಲ್ಲ ತಳದಲ್ಲಿ ಸೇರುತ್ತದೆ. ಇದಕ್ಕೆ ಒಂದು ದಿನಕ್ಕಿಂತಲೂ ಹೆಚ್ಚು ಹೊತ್ತು ಹಿಡಿಯಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ಶ್ರಮಪಟ್ಟ ಮೇಲೆ ಬಾಟಲಿ ನಿಜವಾಗಿಯೂ ತಂಪಾಗುತ್ತದೆಯೇ?

ಉತ್ತರ 3

ಮೊದಲೇ ಫ್ರಿಜ್ಜಿನಲ್ಲಿ ತಣಿಸಿದ ಬಾಟಲಿಯ ತಂಪನ್ನು ಅದು ಚೆನ್ನಾಗಿ ಉಳಿಸುತ್ತದೆ. ಬೆಚ್ಚಗಿನದನ್ನು ತಣಿಸಲು ಹೊರಟರೆ ನಿಮ್ಮ ಕೆಲಸವೆಲ್ಲ ನೀರಾಗಿ ಹರಿದೀತು. ಒಂದು ಲೀಟರ್ ಪಾನೀಯವನ್ನು 30 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ಸುಮಾರು 300 ಗ್ರಾಂ ಮಂಜುಗಡ್ಡೆ ಕರಗಬೇಕು, ಅದೂ ಬಾಟಲಿಗೆ ತಾಗಿಕೊಂಡಿರುವ ಒಳಗೋಡೆಯಿಂದಲೇ. ಬಾಟಲಿಗೂ ಗೋಡೆಗೂ ನಡುವಿನ ಸಂದಿಗೆ ಸ್ವಲ್ಪ ತಣ್ಣೀರು ಹಾಕಿ. ಗಾಳಿಗಿಂತ ನೀರು ಶಾಖವನ್ನು ಬಹಳ ಬೇಗ ಸಾಗಿಸುತ್ತದೆ.

ಹೂವಿನ ಆಯ್ಕೆಯಲ್ಲಿ ದಯವಿಟ್ಟು ಎಚ್ಚರ ವಹಿಸಿ. ಬಾಟಲಿಯ ಮೈಗೆ ಅಂಟಿದ ನೀರು ಬಗ್ಗಿಸುವಾಗ ಲೋಟಕ್ಕೂ ಇಳಿಯುತ್ತದೆಯಾದ್ದರಿಂದ, ಕೀಟನಾಶಕ ಸಿಂಪಡಿಸದ, ತಿನ್ನಲು ಯೋಗ್ಯವಾದ ಹೂಗಳನ್ನೇ ಬಳಸಬೇಕು. ಕಣಗಿಲೆ ನೋಡಲು ಎಷ್ಟೇ ಚೆಂದವಿದ್ದರೂ ವಿಷಕಾರಿ. ಪಾತ್ರೆಯನ್ನು ಅಂಚು ಎತ್ತರವಿರುವ ತಟ್ಟೆಯಲ್ಲಿ, ಮಡಿಸಿದ ಬಟ್ಟೆಯ ಮೇಲೆ ಇಡಿ. ಕರಗಿದ ನೀರಿನ ಮೇಲೆ ಅದು ಜಾರದೆ ನಿಲ್ಲುತ್ತದೆ.