‘ಅವ್ವನ ಪಾಲು’: ಇಲ್ಲಿ ಪಾಲು ಎಂದರೆ ಹಾಲೋ, ಭಾಗವೋ?

ನಾಗರ ಪಂಚಮಿಯಂದು ಗಂಗಾವತಿ ಸೀಮೆಯ ನಮ್ಮ ಮನೆಯಲ್ಲಿ ಕೊಬ್ಬರಿ ಬಟ್ಟಲಿನಿಂದ ನಾಗಪ್ಪನಿಗೆ ಹಾಲೆರೆಯುವಾಗ ‘ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು’ ಎಂದು ಒಬ್ಬೊಬ್ಬರನ್ನೇ ನೆನೆದು ಹೇಳುವ ರೂಢಿಯಿದೆ. ಉತ್ತರ ಕರ್ನಾಟಕದ ಬಹುಪಾಲು ಊರುಗಳಿಗೆ (ಈ ಮಾತಿನೊಳಗೂ ಅದೇ ಪದ ಕುಳಿತಿದೆ) ಇದು ಹೊಸತಲ್ಲ. ಈ ಸಲ ನೆರೆಮನೆಯ ಹಿರಿಯರೊಬ್ಬರು, ಮನೆಮಾತು ತೆಲುಗಿನವರು, ‘ಎರೆಯುವುದು ಹಾಲು, ಬಾಯಲ್ಲಿ ಹೇಳುವುದೂ ಹಾಲೇ, ನಿಮ್ಮ ಹಳೆಗನ್ನಡದ ಪಾಲು ಈ ಆಚರಣೆಯಲ್ಲಿ ಹಾಗೆಯೇ ಉಳಿದಿದೆ’ ಎಂದರು. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ತೆಲುಗರ ಕ್ಯಾಂಪುಗಳಿರುವ (ವಲಸೆ ಬಂದ ರೈತರು ನೆಲೆಸಿದ ಊರುಗಳು) ಈ ಭಾಗದಲ್ಲಿ ಅವರ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು, ಏಕೆಂದರೆ ತೆಲುಗಿನಲ್ಲಿ ಇಂದಿಗೂ ಹಾಲಿಗೂ ಭಾಗಕ್ಕೂ ‘ಪಾಲು’ ಎಂಬ ಒಂದೇ ರೂಪವಿದೆ.

ಹಾಗೆಂದು ತೆಲುಗರು ಎರಡನ್ನೂ ಬೆರೆಸಿಕೊಳ್ಳುವುದಿಲ್ಲ. ಹಾಲಿನ ಅರ್ಥದ ಪಾಲು ಅಲ್ಲಿ ಯಾವಾಗಲೂ ಬಹುವಚನವಾಗಿರುವುದರಿಂದ ಹಾಲು ಒಡೆದರೆ ‘ಪಾಲು ವಿರಿಗಾಯಿ’ ಎನ್ನುತ್ತಾರೆ. ಭಾಗದ ಅರ್ಥದ್ದು ಏಕವಚನ. ತಮಿಳಿನಲ್ಲಿಯೂ ‘ಪಾಲ್’ ಎರಡೂ ಅರ್ಥಗಳಲ್ಲಿ ಬಳಕೆಯಲ್ಲಿದೆ. ಭಾಗ ಎಂಬುದರಿಂದ ಮುಂದುವರಿದು ಅದು ವ್ಯಾಕರಣದ ಪರಿಭಾಷೆಯೂ ಆಗಿ, ಗಂಡಿಗೆ ‘ಆಣ್‌ಪಾಲ್’, ಹೆಣ್ಣಿಗೆ ‘ಪೆಣ್‌ಪಾಲ್’ ಎಂಬ ವಿಂಗಡಣೆಗೆ ಬಂದಿದೆ; ತಿರುಕ್ಕುರಳಿನ ಮೂರು ವಿಭಾಗಗಳ ಹೆಸರುಗಳೂ ‘ಪಾಲ್’ ಎಂದೇ ಮುಗಿಯುತ್ತವೆ. ಮಲಯಾಳದಲ್ಲಿ ಹಾಲು ‘ಪಾಲ್’. ತುಳು ಮಾತ್ರ ಹಾಲಿಗೆ ‘ಪೇರ್’ ಎಂದು ಬೇರೆಯೇ ಆಗಿ ನಿಂತಿದೆ.

ಕನ್ನಡದ್ದೇ ಬೇರೆ ಕಥೆ. ಪದದ ಮೊದಲಿನ ಪಕಾರ ಹಕಾರವಾಗುವ ಬದಲಾವಣೆ ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಕಾಣಿಸಿಕೊಂಡು, ನಡುಗನ್ನಡದ ಹೊತ್ತಿಗೆ ನೆಲೆಗೊಂಡಿತು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಾಲ್ ಹಾಲಾಯಿತು. ಹಾಲಿನ ಹಳೆಯ ಪಕಾರದ ಗುರುತು ‘ಕೆನೆವಾಲು’ ಎಂಬ ಸಮಾಸದಲ್ಲಿ ಇನ್ನೂ ಸಿಗುತ್ತದೆ: ಕೆನೆ, ಪಾಲು ಸೇರಿದಾಗ ಪಕಾರಕ್ಕೆ ವಕಾರ ಬಂದಿದೆ. ನಮ್ಮ ಹೊಳೆಯ ದಂಡೆಯಲ್ಲಿಯೇ ಈ ಬದಲಾವಣೆಯ ಎರಡು ತುದಿಗಳನ್ನು ನೋಡಬಹುದು. ಆಚೆ ದಡದ ಊರು ಹಂಪೆ. ಈಚೆ ಆನೆಗೊಂದಿಯ ಬಳಿಯ ಕೊಳ ಪಂಪಾ ಸರೋವರ. ಒಂದೇ ಹೆಸರು ಜನರ ನಾಲಗೆಯ ಮೇಲೆ ಹಕಾರವಾಗಿದೆ, ಪುರಾಣದ ಬಾಯಲ್ಲಿ ಪಕಾರವಾಗಿಯೇ ಉಳಿದಿದೆ.

ಹೀಗಿರುವಾಗ ಪಂಚಮಿಯ ‘ಪಾಲು’ ಕೂಡ, ಸರೋವರದ ಹೆಸರಿನಂತೆ, ಪೂಜೆಯ ಮಾತೆಂಬ ಕಾರಣಕ್ಕೆ ಹಳೆಯ ರೂಪದಲ್ಲಿ ನಿಂತಿರಬಹುದಲ್ಲ ಎಂದು ಆ ಹಿರಿಯರು ಕೇಳಿದರು. ನಾನು ಒಪ್ಪಲಿಲ್ಲ. ‘ಅವ್ವನ ಪಾಲು’ ಎಂಬಲ್ಲಿ ಹಾಲಿನ ಅರ್ಥ ಹೇಗೋ ಹೊಂದೀತು, ಆದರೆ ‘ಅಪ್ಪನ ಪಾಲು’ ಎಂದೊಡನೆ ಆ ವಾದ ಒಡೆದ ಹಾಲಾಗುತ್ತದೆ. ಎರೆಯುವ ಹಾಲಿನಲ್ಲಿ ಇದು ಇಂಥವರ ಭಾಗ, ಅವರ ಪರವಾಗಿ ಅರ್ಪಿಸಿದ್ದು ಎಂಬುದೇ ಇಲ್ಲಿ ನೇರವಾದ ಅರ್ಥ. ಹೊಲವನ್ನು ‘ಪಾಲಿಗೆ ಮಾಡುವುದು’, ಬೆಳೆ ‘ನೀರುಪಾಲಾಗುವುದು’, ‘ನನ್ನ ಪಾಲಿಗೆ ಬಂದದ್ದು’ ಎಂಬಲ್ಲೆಲ್ಲ ಇರುವುದೂ ಇದೇ ಪಾಲು.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಇದರ ಮುಂದಿನ ಪ್ರಶ್ನೆ. ಹಾಲು ಬದಲಾದಾಗ ಭಾಗದ ಪಾಲು ಏಕೆ ಬದಲಾಗಲಿಲ್ಲ? ಅದೇ ಅರ್ಥದ ನೆರೆಯಲ್ಲಿರುವ ‘ಪಂಚು’ ಎಂಬುದು ಕನ್ನಡದಲ್ಲಿ ‘ಹಂಚು’ ಆಗಿದೆ. ತೆಲುಗಿನಲ್ಲಿ ಪಂಚು ಎಂದೇ ಇದೆ. ಹಂಚುವುದು ಹಕಾರದಿಂದ, ಹಂಚಿದಾಗ ಸಿಗುವುದು ಪಕಾರದಿಂದ! ಎರಡು ಪದಗಳು ಒಂದೇ ರೂಪಕ್ಕೆ ಬಂದು ಗೊಂದಲವಾಗದಿರಲೆಂದು ಭಾಷೆ ಒಂದನ್ನು ಹಿಡಿದಿಟ್ಟಿತೆಂದು ಹೇಳಬಹುದು. ಹಾಡು ಮತ್ತು ಪಾಡು ಜೋಡಿ ಇದಕ್ಕೆ ಒದಗುತ್ತದೆ. ಪಡೆದಳು, ಹಡೆದಳು ಎಂಬ ಜೋಡಿಯಲ್ಲಂತೂ ಒಂದೇ ಕ್ರಿಯಾಪದ ಸೀಳಿಕೊಂಡು, ನಮ್ಮ ಕಡೆಯ ‘ಹಡೆದವ್ವ’ನಿಗೆ ಹಕಾರದ ರೂಪವನ್ನೇ ಮೀಸಲಿಟ್ಟಿದೆ. ಆದರೆ ಈ ವಿವರಣೆಗೆ ‘ಹತ್ತು’ ಅಡ್ಡ ಬರುತ್ತದೆ. ಸಂಖ್ಯೆಯ ಪತ್ತು, ಏರು ಅಥವಾ ಅಂಟು ಎಂಬ ಅರ್ಥದ ಪತ್ತು, ಎರಡೂ ಯಾವ ಅಳುಕಿಲ್ಲದೆ ಹತ್ತು ಆಗಿವೆ, ಯಾರಿಗೂ ಗೊಂದಲವಾಗಿಲ್ಲ. ಎರಡನೆಯದು ನಮ್ಮ ‘ಹೋಗಾಕತ್ತೀನಿ’ ಎಂಬಲ್ಲಿ ಹಕಾರವನ್ನೂ ಕಳೆದುಕೊಂಡು ಪ್ರತ್ಯಯದಂತಾಗಿದೆ.

ಹಾಗಾಗಿ ನೆರೆಯ ತೆಲುಗು ಈ ಪಕಾರಕ್ಕೆ ಆಸರೆ ಕೊಟ್ಟಿತೇ ಎಂಬ ಅನುಮಾನ ಏಳುತ್ತದೆ. ಆದರೆ ತೆಲುಗಿನ ಸೋಂಕಿಲ್ಲದ ಕನ್ನಡದ ಸೀಮೆಗಳಲ್ಲಿಯೂ ಪಾಲು ಪಾಲೇ ಆಗಿರುವುದರಿಂದ ಅದು ನನಗೆ ಅಷ್ಟಾಗಿ ಒಗ್ಗುತ್ತಿಲ್ಲ. ಮಾನ್ವಿ, ಸಿರುಗುಪ್ಪ, ಕುಷ್ಟಗಿ ಕಡೆಯವರು ದಯವಿಟ್ಟು ತಿಳಿಸಬೇಕು: ಭಾಗ ಎಂಬರ್ಥದಲ್ಲಿ ‘ಹಾಲು’ ಎಂಬ ರೂಪವನ್ನು ಹಳೆಯ ಕಾಗದಪತ್ರದಲ್ಲಾಗಲಿ, ಗಾದೆಯಲ್ಲಾಗಲಿ, ಹೊಲದ ಮಾತಿನಲ್ಲಾಗಲಿ ಕಂಡವರು, ಕೇಳಿದವರು ಇದ್ದಾರೆಯೇ?